ದ್ವಂದ್ವದಲ್ಲಿ ಜಗಳ ಎಲ್ಲಿದೆ ಅಂತ ಕೇಳಿದ್ಯಲ್ಲ ಪುಟ್ಟಿ

ಪುಟ್ಟಿ, ನಿನ್ನ ಪ್ರಶ್ನೆ ಬೆಳಿಗ್ಗೆನೇ ನೋಡಿದೆ. ಟೈಪ್ ಮಾಡಿ ಮುಗಿಯೋ ವಿಷಯ ಅಲ್ಲ ಇದು, ಅದಕ್ಕೆ ಬಾಯಲ್ಲೇ ಹೇಳ್ತಿದೀನಿ. ಸ್ವಲ್ಪ ಉದ್ದ ಆಗುತ್ತೆ. ಉಳಿದವರೂ ಬಿಡುವಾದಾಗ ಕೇಳಿ.

ನೀನು ಕೇಳಿದ್ದು ಇಷ್ಟು. ದ್ವಂದ್ವಯುದ್ಧ ಅಂದ್ರೆ ಇಬ್ಬರ ಹೊಡೆದಾಟ. ಮನಸ್ಸಿನ ದ್ವಂದ್ವ ಅಂದ್ರೆ ತೊಳಲಾಟ. ಹಾಗಿರುವಾಗ ‘ಗಿಡಮರ’, ‘ಅಕ್ಕತಂಗಿ’ ಇಂಥ ಪದಗಳಿಗೆ ದ್ವಂದ್ವಸಮಾಸ ಅಂತ ಯಾಕೆ ಹೆಸರು, ಅಲ್ಲಿ ಜಗಳ ಎಲ್ಲಿದೆ ಅಂತ. ಅದರ ಕೆಳಗೆ ಭಾವ ‘ದ್ವಂದ್ವ ಅಂದ್ರೆ ಗೊಂದಲ, ಅಷ್ಟೇ. ವ್ಯಾಕರಣದವರು ಏನೋ ಒಂದು ಹೆಸರಿಟ್ಟಿದ್ದಾರೆ’ ಅಂತ ಬರೆದಿದ್ದಾರೆ. ಭಾವ, ಬೇಜಾರು ಮಾಡ್ಕೋಬೇಡಿ, ಇದನ್ನ ನಾನು ಒಪ್ಪಲ್ಲ. ಗೊಂದಲ ಅನ್ನೋದು ಆ ಪದದ ಒಂದು ಮೂಲೆ. ಮನೆ ಬಹಳ ದೊಡ್ಡದು.

ಮೊದಲು ಪದ ಹೇಗಾಯ್ತು ಅಂತ ನೋಡು ಪುಟ್ಟಿ. ಸಂಸ್ಕೃತದಲ್ಲಿ ‘ದ್ವಿ’ ಅಂದ್ರೆ ಎರಡು. ಅದನ್ನೇ ಎರಡು ಸಲ ಹೇಳಿದ್ರೆ ‘ದ್ವಂದ್ವಂ’. ನಾವು ‘ಎರಡೆರಡು’, ‘ಇಬ್ಬಿಬ್ಬರು’ ಅಂತೀವಲ್ಲ, ಅದೇ ಥರ. ಅಂದ್ರೆ ಮೂಲದಲ್ಲಿ ಅದರೊಳಗೆ ಜಗಳವೂ ಇಲ್ಲ, ಗೊಂದಲವೂ ಇಲ್ಲ, ಬರೀ ಎರಡೆರಡು. ಪಾಣಿನಿ ತನ್ನ ಸಂಸ್ಕೃತ ವ್ಯಾಕರಣ ‘ಅಷ್ಟಾಧ್ಯಾಯಿ’ಯಲ್ಲಿ ಈ ಒಂದು ಪದಕ್ಕೇ ಅಂತ ಒಂದು ಸೂತ್ರ ಬರೆದಿದ್ದಾನೆ, 8ನೇ ಅಧ್ಯಾಯ, 1ನೇ ಪಾದ, 15ನೇ ಸೂತ್ರ. ಯಾವ್ಯಾವ ಅರ್ಥದಲ್ಲಿ ‘ದ್ವಂದ್ವ’ ಅನ್ನೋ ರೂಪ ಬರುತ್ತೆ ಅಂತ ಅಲ್ಲಿ ಪಟ್ಟಿ ಕೊಡ್ತಾನೆ. ಆ ಪಟ್ಟಿಯಲ್ಲಿ ಮೊದಲನೇದು ಏನು ಗೊತ್ತಾ? ರಹಸ್ಯ! ‘ದ್ವಂದ್ವಂ ಮಂತ್ರಯಂತೇ’ ಅಂದ್ರೆ ಇಬ್ಬಿಬ್ಬರೇ ಕೂತು ಗುಟ್ಟಾಗಿ ಮಾತಾಡ್ಕೋತಾರೆ ಅಂತ. ಅದೇ ಪಟ್ಟಿಯಲ್ಲಿ ಯಜ್ಞದ ಪಾತ್ರೆಗಳನ್ನ ಜೋಡಿ ಜೋಡಿಯಾಗಿ ಬಳಸೋದೂ ಇದೆ.

ಇದನ್ನ ಮೊದಲ ಸಲ ಓದಿದಾಗ ನನಗೆ ಒಳಗೇನೋ ತೆರೆದುಕೊಂಡ ಹಾಗಾಯ್ತು. ಗುಟ್ಟಿನ ಮಾತಲ್ಲಿ ಇಬ್ಬರೇ ಇರ್ತಾರೆ, ಮೂರನೆಯವರಿಗೆ ಜಾಗ ಇಲ್ಲ. ದ್ವಂದ್ವಯುದ್ಧದಲ್ಲೂ ಹಾಗೇ. ಭೀಮ, ಜರಾಸಂಧ ಇಬ್ಬರೇ ಸೆಣಸಬೇಕು, ಪಕ್ಕದಲ್ಲಿ ನಿಂತವರು ಕೈ ಹಾಕೋ ಹಾಗಿಲ್ಲ. ಆ ಹೆಸರಲ್ಲಿ ಹೊಡೆದಾಟ ಇರೋದು ‘ಯುದ್ಧ’ ಅನ್ನೋ ಭಾಗದಲ್ಲಿ. ‘ದ್ವಂದ್ವ’ ಹೇಳೋದು ಇಬ್ಬರೇ ಎದುರುಬದುರು ಅನ್ನೋದನ್ನ ಮಾತ್ರ. ಆಮೇಲೆ ಬಳಸ್ತಾ ಬಳಸ್ತಾ ‘ಯುದ್ಧ’ ಕಳಚಿ ಬಿದ್ರೂ ಅದರ ವಾಸನೆ ‘ದ್ವಂದ್ವ’ಕ್ಕೆ ಉಳ್ಕೊಂಡಿತು.

ಪ್ರೀತಿಗೂ ಇದೇ ಪದ ಪುಟ್ಟಿ. ಕಾಳಿದಾಸನ ಕುಮಾರಸಂಭವದ 3ನೇ ಸರ್ಗದಲ್ಲಿ ಹೊತ್ತಲ್ಲದ ಹೊತ್ತಲ್ಲಿ ವಸಂತ ಬಂದುಬಿಡುತ್ತೆ. ಆಗ ಕಾಡಿನಲ್ಲಿರೋ ಗಂಡು ಹೆಣ್ಣು ಜೋಡಿಗಳನ್ನ ಕವಿ ‘ದ್ವಂದ್ವಗಳು’ ಅಂತಾನೇ ಕರೀತಾನೆ. ಗಂಡುದುಂಬಿ ತನ್ನ ಹೆಣ್ಣಿನ ಹಿಂದೆ ಹಿಂದೆ ಹೋಗಿ ಒಂದೇ ಹೂವಿನ ಬಟ್ಟಲಲ್ಲಿ ಅವಳ ಜೊತೆ ಜೇನು ಕುಡಿಯುತ್ತೆ. ಕೃಷ್ಣಮೃಗ ಕೊಂಬಿನಿಂದ ಹೆಣ್ಣು ಜಿಂಕೆಯ ಮೈ ತುರಿಸುತ್ತೆ, ಆ ಸ್ಪರ್ಶದ ಸುಖಕ್ಕೆ ಅವಳು ಕಣ್ಣು ಮುಚ್ಚಿಕೊಂಡು ನಿಂತಿರ್ತಾಳೆ. ಎಷ್ಟು ಚೂಪು ಕೊಂಬು, ಎಷ್ಟು ಮೆದು ಕೆಲಸ! ಇದೂ ದ್ವಂದ್ವವೇ. ಇಲ್ಲಿ ಗೊಂದಲ ಎಲ್ಲಿದೆ ಹೇಳಿ ಭಾವ?

ತಡಿ, ಆ ದುಂಬಿ ವಿಷಯ ಬಂತಲ್ಲ. ಅಲ್ಲಿ ದುಂಬಿಗೆ ಅವನು ಬಳಸಿರೋ ಪದ ‘ದ್ವಿರೇಫ’. ಎರಡು ರೇಫ, ಅಂದ್ರೆ ಎರಡು ರಕಾರ ಇರೋದು ಅಂತ. ‘ಭ್ರಮರ’ ಅನ್ನೋದನ್ನ ಹೇಳಿ ನೋಡು, ಎರಡು ‘ರ’ ಇದೆ ತಾನೆ? ಹೆಸರಲ್ಲಿರೋ ಅಕ್ಷರ ಎಣಿಸಿ ಹುಳಕ್ಕೆ ಇನ್ನೊಂದು ಹೆಸರು ಕಟ್ಟಿದ್ದಾರೆ. ‘ದ್ವೀಪ’ದಲ್ಲೂ ಎರಡಿದೆ. ದ್ವಿ ಮತ್ತೆ ಅಪ್, ಎರಡೂ ಕಡೆ ನೀರಿರೋ ನೆಲ. ಆದ್ರೆ ‘ದ್ವೇಷ’ವನ್ನ ಈ ಸಾಲಿಗೆ ಸೇರಿಸಬೇಡ. ವ್ಯಾಕರಣದಲ್ಲಿ ಅದರ ಧಾತು ‘ದ್ವಿಷ್’, ಬೇರೇನೇ.

ಈಗ ಸಮಾಸಕ್ಕೆ ಬರ್ತೀನಿ. ಬೇರೆ ಸಮಾಸಗಳಲ್ಲಿ ಯಾವುದೋ ಒಂದು ಪದಕ್ಕೆ ಯಜಮಾನಿಕೆ. ‘ಮರಗಾಲು’ ಅಂದ್ರೆ ಮುಖ್ಯ ಕಾಲು, ಮರ ಅದರ ಸೇವೆಗೆ ಬಂದದ್ದು. ‘ಮುಕ್ಕಣ್ಣ’ ಅಂದ್ರೆ ಮೂರೂ ಅಲ್ಲ, ಕಣ್ಣೂ ಅಲ್ಲ, ಶಿವ. ‘ಗಿಡಮರ’ದಲ್ಲಿ ಮಾತ್ರ ಗಿಡ ಗಿಡವಾಗೇ ಇರುತ್ತೆ, ಮರ ಮರವಾಗೇ ಇರುತ್ತೆ. ಒಂದು ಇನ್ನೊಂದನ್ನ ನುಂಗಲ್ಲ. ಭಗವದ್ಗೀತೆಯ 10ನೇ ಅಧ್ಯಾಯದಲ್ಲಿ ಕೃಷ್ಣ ‘ಸಮಾಸಗಳಲ್ಲಿ ನಾನು ದ್ವಂದ್ವ’ ಅಂತಾನೆ. ಯಾರನ್ನೂ ಕೆಳಗೆ ಮಾಡದ ಸಮಾಸ ಇದು, ಅದಕ್ಕೇ ಅವನು ಇದನ್ನ ಆರಿಸಿಕೊಂಡ ಅಂತ ನಾನು ನಂಬಿದೀನಿ.

ಕನ್ನಡದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತೆ. ‘ಅಕ್ಕತಂಗಿ’ನ ಬಿಡಿಸು. ‘ಅಕ್ಕನೂ ತಂಗಿಯೂ’. ಆ ‘ಊ’ ನೋಡು, ಅಕ್ಕನಿಗೂ ಒಂದು, ತಂಗಿಗೂ ಒಂದು. ‘ಅಕ್ಕ ಮತ್ತು ತಂಗಿ’ ಅಂದ್ರೆ ‘ಮತ್ತು’ ಮಧ್ಯದಲ್ಲಿ ಮೂರನೆಯವರ ಹಾಗೆ ಬಂದು ನಿಲ್ಲುತ್ತೆ. ‘ಊ’ ಹಾಗಲ್ಲ, ಇಬ್ಬರ ಮೈಮೇಲೂ ಸಮನಾಗಿ ಕೂರುತ್ತೆ. ಸಮಾಸ ಆಗುವಾಗ ಎರಡು ‘ಊ’ಗಳೂ ಒಟ್ಟಿಗೆ ಬಿದ್ದುಹೋಗಿ ಇಬ್ಬರೂ ಅಂಟಿಕೊಂಡು ನಿಲ್ತಾರೆ. ನಾನು ಪಾಠ ಮಾಡ್ತಿದ್ದ ಅಷ್ಟೂ ವರ್ಷ ಈ ‘ಊ’ನ ಬೋರ್ಡಿನ ಮೇಲೆ ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಬರೀತಿದ್ದೆ.

ಹಾಗಾದ್ರೆ ಜಗಳ ಆಡೋರು ದ್ವಂದ್ವಸಮಾಸದಲ್ಲಿ ಇಲ್ವಾ? ಇದ್ದಾರೆ! ಇದನ್ನ ನೀನು ಮರೀಲೇಬಾರದು. ಸಂಸ್ಕೃತದಲ್ಲಿ ಎರಡು ಪದ ಸೇರಿದ್ರೆ ಸಾಮಾನ್ಯವಾಗಿ ದ್ವಿವಚನ, ಅಂದ್ರೆ ಇಬ್ಬರು ಅಂತ ತೋರಿಸೋ ರೂಪ ಬರಬೇಕು. ರಾಮಲಕ್ಷ್ಮಣೌ ಅಂತ. ಆದ್ರೆ ಪಾಣಿನಿ 2ನೇ ಅಧ್ಯಾಯದ 4ನೇ ಪಾದದಲ್ಲಿ ಒಂದು ಸೂತ್ರ ಇಟ್ಟಿದ್ದಾನೆ. ಯಾರ ನಡುವೆ ಶಾಶ್ವತ ವಿರೋಧ ಇದೆಯೋ ಅವರ ದ್ವಂದ್ವಕ್ಕೆ ಏಕವಚನ. ಹಾವು ಮುಂಗುಸಿ ಸೇರಿದ್ರೆ ‘ಅಹಿನಕುಲಂ’. ಬೆಕ್ಕು ಇಲಿ ಸೇರಿದ್ರೆ ‘ಮಾರ್ಜಾರಮೂಷಕಂ’. ಅಣ್ಣ ತಮ್ಮ ಸೇರಿದ್ರೂ ಇಬ್ಬರಾಗೇ ಉಳೀತಾರೆ, ಹುಟ್ಟುವೈರಿಗಳು ಸೇರಿದ್ರೆ ಒಂದೇ ಆಗಿಬಿಡ್ತಾರೆ. ಬಿಡಿಸಲಾಗದ ವೈರ ಅಂದ್ರೂ ಒಂದು ಬಿಡಿಸಲಾಗದ ನಂಟೇ ತಾನೆ. ಜಗಳ ಎಲ್ಲಿದೆ ಅಂತ ನೀನು ಕೇಳಿದ್ದಕ್ಕೆ ಸರಿಯಾದ ಜಾಗ ಇದು.

ಗೀತೆಯಲ್ಲೇ ಇನ್ನೊಂದು ಅರ್ಥವೂ ಬರುತ್ತೆ. ಶೀತ ಉಷ್ಣ, ಸುಖ ದುಃಖ, ಲಾಭ ನಷ್ಟ, ಇವೂ ದ್ವಂದ್ವಗಳು. ಇದು ಎಲ್ಲರಿಗೂ ಗೊತ್ತಿರೋದೇ, ಬಿಡು.

ಈಗ ಭಾವ ಹೇಳಿದ ಗೊಂದಲ. ಅದು ಪೂರ್ತಿ ತಪ್ಪೂ ಅಲ್ಲ ಭಾವ. ಎರಡು ಅನ್ನೋದು ಮನಸ್ಸಿನೊಳಗೆ ಬಂದು ಕೂತ್ರೆ ಸಂಶಯ ಆಗುತ್ತೆ. ‘ದ್ವಾಪರ’ ಅಂದ್ರೆ ಯುಗ ಅಂತ ಮಾತ್ರ ನಮಗೆ ಗೊತ್ತು. ಸಂಸ್ಕೃತದ ಹಳೇ ನಿಘಂಟು ಅಮರಕೋಶದಲ್ಲಿ ಅದಕ್ಕೆ ಸಂಶಯ ಅಂತಲೂ ಅರ್ಥ ಕೊಟ್ಟಿದೆ. ಲ್ಯಾಟಿನ್‌ನಲ್ಲಿ ‘ಡ್ಯುಓ’ ಅಂದ್ರೆ ಎರಡು, ಇಂಗ್ಲಿಷಿನ ‘ಡೌಟ್’ ಅದೇ ಮನೆತನದ್ದು. ಜರ್ಮನ್‌ನಲ್ಲಿ ‘ತ್ಸ್ವೈ’ ಎರಡು, ‘ತ್ಸ್ವೈಫೆಲ್’ ಸಂಶಯ. ಇವೆಲ್ಲ ಒಂದೇ ಭಾಷಾಕುಟುಂಬದ ನಂಟರು ಅನ್ನಬಹುದು. ಕನ್ನಡ ಆ ಕುಟುಂಬಕ್ಕೆ ಸೇರಿದ್ದೇ ಅಲ್ಲ, ಆದರೂ ನಾವೂ ಅದೇ ದಾರಿ ಹಿಡಿದ್ವಿ. ಮನಸ್ಸು ಒಡೆದ್ರೆ ‘ಇಬ್ಬಗೆ’ ಅಂತೀವಿ. ‘ಉಂಡ ಮನೆಗೆ ಎರಡು ಬಗೆಯಬೇಡ’ ಅಂತೀವಿ. ಅಲ್ಲಿ ‘ಎರಡು’ ಅಂದ್ರೆ ಲೆಕ್ಕ ಅಲ್ಲ, ದ್ರೋಹ. ಎಷ್ಟು ಭಾರ ಆ ಪುಟ್ಟ ಪದಕ್ಕೆ!

ನಮ್ಮ ‘ಎರಡು’ ಬಗ್ಗೆ ಹೇಳದೆ ಮುಗಿಸಿದ್ರೆ ನನಗೆ ಸಮಾಧಾನ ಇಲ್ಲ. ತಮಿಳಿನ ‘ಇರಂಡು’, ತೆಲುಗಿನ ‘ರೆಂಡು’, ತುಳುವಿನ ‘ರಡ್ಡ್’ ಎಲ್ಲ ಒಂದೇ ಬೇರಿನವು. ಆ ಬೇರು ‘ಇರ್’. ಮುಂದೆ ಅಕಾರ ಬಂದಾಗ ನಮ್ಮಲ್ಲಿ ‘ಇ’ ಹೋಗಿ ‘ಎ’ ಆಗುತ್ತೆ. ತಮಿಳಿನ ‘ಇಲೈ’ ನಮ್ಮಲ್ಲಿ ‘ಎಲೆ’ ಆದ ಹಾಗೆ ‘ಎರಡು’ ಆಯ್ತು. ಆದ್ರೆ ಹಳೇ ‘ಇರ್’ ಎಲ್ಲೂ ಹೋಗಿಲ್ಲ, ಬೇರೆ ಪದಗಳ ಒಳಗೆ ಕೂತಿದೆ. ಇರ್‌ಪತ್ತು ‘ಇಪ್ಪತ್ತು’ ಆಯ್ತು. ಇರ್‌ನೂರು ‘ಇನ್ನೂರು’ ಆಯ್ತು. ಇರ್‌ಮಡಿ ‘ಇಮ್ಮಡಿ’, ಇರ್‌ಕೆಲ ‘ಇಕ್ಕೆಲ’, ಇರ್ವರು ‘ಇಬ್ಬರು’. 610ರಿಂದ 642ರವರೆಗೆ ಆಳಿದ ಚಾಲುಕ್ಯ ದೊರೆಯನ್ನ ‘ಇಮ್ಮಡಿ’ ಪುಲಕೇಶಿ ಅಂತೀವಲ್ಲ, ಅಲ್ಲಿರೋದೂ ಈ ‘ಇರ್’.

ಈಗ ಆ ಪದಗಳನ್ನ ಇನ್ನೊಂದ್ಸಲ ನಿಧಾನವಾಗಿ ಹೇಳು. ಇಪ್ಪತ್ತು, ಇನ್ನೂರು, ಇಮ್ಮಡಿ, ಇಕ್ಕೆಲ, ಇಬ್ಬರು. ಪ್ಪ, ನ್ನ, ಮ್ಮ, ಕ್ಕ, ಬ್ಬ. ರಕಾರ ತಾನು ಕರಗಿಹೋಗಿದೆ, ಹೋಗುವಾಗ ಮುಂದಿನ ಅಕ್ಷರವನ್ನ ಎರಡು ಮಾಡಿ ಹೋಗಿದೆ. ಇದು ಉಚ್ಚಾರಣೆಯ ಸಹಜ ನಿಯಮ, ‘ಮುನ್ನೂರು’, ‘ಮುಮ್ಮಡಿ’ಯಲ್ಲೂ ಅಕ್ಷರ ಇಮ್ಮಡಿಸುತ್ತೆ, ನನಗೆ ಗೊತ್ತು. ಆದರೂ ‘ಎರಡು’ ಅನ್ನೋ ಅರ್ಥದ ಪದ ತನ್ನ ಗುರುತಾಗಿ ಜೋಡಿ ಅಕ್ಷರ ಬಿಟ್ಟುಹೋಗಿರೋದನ್ನ ನೋಡಿದಾಗಲೆಲ್ಲ ನನಗೆ ಸಂತೋಷ ಆಗುತ್ತೆ.

ಪುಟ್ಟಿ, ನಾಳೆ ಪರೀಕ್ಷೆಯಲ್ಲಿ ದ್ವಂದ್ವಸಮಾಸ ಬಂದ್ರೆ ವಿಗ್ರಹ ಮಾಡುವಾಗ, ಅಂದ್ರೆ ಪದ ಬಿಡಿಸಿ ಬರೆಯುವಾಗ, ‘ಮತ್ತು’ ಹಾಕಬೇಡ ಕಂದಾ. ‘ಗಿಡವೂ ಮರವೂ’ ಅಂತ ಎರಡು ಕಡೆಯೂ ‘ಊ’ ಬರಿ. ಭಾವ, ‘ಇಬ್ಬಗೆ’ ಥರದ್ದು ನಿಮಗೆ ಇನ್ಯಾವುದಾದ್ರೂ ನೆನಪಾದ್ರೆ ಇಲ್ಲೇ ಹಾಕಿ, ರಾತ್ರಿ ನೋಡ್ತೀನಿ.