ಬ್ರಾಂಕ್ಸ್ ಸೈನ್ಸ್ ಶಾಲೆಯ 9 ನೊಬೆಲ್: ಕಲಿಸಿದ್ದರ ಫಲವೋ, ಆರಿಸಿದ್ದರ ಫಲವೋ?

ಕಣ_ಕುತೂಹಲಿ ಕೇಳಿದ್ದು:

ಫೀಸಿಲ್ಲದ, ಪ್ರವೇಶ ಪರೀಕ್ಷೆ ಬರೆದು ಸೇರಬೇಕಾದ, ಸರ್ಕಾರವೇ ನಡೆಸುವ ವಿಜ್ಞಾನ ಹೈಸ್ಕೂಲುಗಳ ಮಾತು ಬಂದರೆ ಎಲ್ಲರೂ ಬೊಟ್ಟು ಮಾಡುವುದು ನ್ಯೂಯಾರ್ಕಿನ ಬ್ರಾಂಕ್ಸ್ ಹೈಸ್ಕೂಲ್ ಆಫ್ ಸೈನ್ಸ್ ಕಡೆಗೆ. 1938ರಲ್ಲಿ ಶುರುವಾದ ಶಾಲೆ. ಅಲ್ಲಿ ಓದಿದ 9 ಮಂದಿಗೆ ನೊಬೆಲ್ ಬಂದಿದೆ: ಭೌತಶಾಸ್ತ್ರದಲ್ಲಿ 7, ರಸಾಯನಶಾಸ್ತ್ರದಲ್ಲಿ 1, ಅರ್ಥಶಾಸ್ತ್ರದಲ್ಲಿ 1.

ಒಂದು ಅನುಮಾನ ಮಾತ್ರ ಬಿಡುತ್ತಿಲ್ಲ. ಇಡೀ ಮಹಾನಗರವನ್ನು ಜರಡಿ ಹಿಡಿದು, ಗಣಿತ-ವಿಜ್ಞಾನದಲ್ಲಿ ಮುಂದಿರುವ ಮಕ್ಕಳನ್ನೇ ಒಂದು ಕಟ್ಟಡದೊಳಗೆ ಕೂರಿಸಿದರೆ ಅವರಲ್ಲಿ ಕೆಲವರಾದರೂ ದೊಡ್ಡ ವಿಜ್ಞಾನಿಗಳಾಗಿಯೇ ಆಗುತ್ತಾರೆ. ಅದರಲ್ಲಿ ಶಾಲೆಯ ಪಾಲೆಷ್ಟು, ಜರಡಿಯ ಪಾಲೆಷ್ಟು? 20–40 ವರ್ಷ ಕಳೆದ ಮೇಲೆ ಇದನ್ನು ಅಳೆಯಲು ನಂಬುವಂಥ ದಾರಿ ಇದೆಯೇ? ಇಂಥ ಶಾಲೆಗಳು ಎಲ್ಲಿ ಎಡವುತ್ತವೆ ಅನ್ನುವುದನ್ನೂ ಗೊತ್ತಿದ್ದವರು ಬರೆಯಿರಿ. ಪ್ರತಿಭೆಗೆ ಪ್ರೋತ್ಸಾಹ ಬೇಕು ಅನ್ನುವ ಭಾಷಣ ಬೇಡ, ದಯವಿಟ್ಟು.

ಹಳೇಕಡತ:

ಮೊದಲು ಆ 9 ಹೆಸರುಗಳನ್ನು ಶಾಲೆ ಮುಗಿಸಿದ ವರ್ಷದ ಪ್ರಕಾರ ಬರೆದುಕೊಂಡು ನೋಡಿ. ರಾಯ್ ಗ್ಲಾಬರ್ 1941, ಲಿಯಾನ್ ಕೂಪರ್ 1947, ಮೆಲ್ವಿನ್ ಶ್ವಾರ್ಟ್ಸ್ 1949, ಶೆಲ್ಡನ್ ಗ್ಲಾಶೋ ಮತ್ತು ಸ್ಟೀವನ್ ವೈನ್‌ಬರ್ಗ್ ಇಬ್ಬರೂ 1950, ರಾಬರ್ಟ್ ಲೆಫ್ಕೊವಿಟ್ಜ್ 1959, ಕ್ಲಾಡಿಯಾ ಗೋಲ್ಡಿನ್ 1963, ರಸೆಲ್ ಹಲ್ಸ್ ಮತ್ತು ಡೇವಿಡ್ ಪೊಲಿಟ್ಜರ್ 1966. ಒಂಬತ್ತೂ ಮಂದಿ ಶಾಲೆಯ ಮೊದಲ 28 ವರ್ಷಗಳೊಳಗಿನವರು.

ಈಗ ಶಾಲೆ ಬಿಟ್ಟದ್ದಕ್ಕೂ ಬಹುಮಾನ ಬಂದದ್ದಕ್ಕೂ ನಡುವಿನ ಅಂತರ. ಕೂಪರ್‌ಗೆ 1972ರಲ್ಲಿ ಬಂತು, ಅಂದರೆ 25 ವರ್ಷ. ಅದೇ ಅತಿ ಬೇಗ. ಗ್ಲಾಶೋ, ವೈನ್‌ಬರ್ಗ್‌ಗೆ 29. ಲೆಫ್ಕೊವಿಟ್ಜ್‌ಗೆ 53, ಗೋಲ್ಡಿನ್‌ಗೆ 60, ಗ್ಲಾಬರ್‌ಗೆ 64. ಹಾಗಾಗಿ ನೊಬೆಲ್ ಎಣಿಸುವವರು ಇಂದಿನ ಶಾಲೆಯನ್ನು ಅಳೆಯುತ್ತಿಲ್ಲ, ತಾತನ ಕಾಲದ ಶಾಲೆಯನ್ನು ಅಳೆಯುತ್ತಿದ್ದಾರೆ. ಅಂತರ ಉದ್ದ ಅಂತ ಸಮಾಧಾನ ಹೇಳಿಕೊಂಡರೂ, 1967ರಿಂದ 2000ದವರೆಗೆ ಪಾಸಾದವರಿಗೆಲ್ಲ ಆ 25 ವರ್ಷ ಕಳೆದಿದೆ. ಒಬ್ಬರ ಹೆಸರೂ ಪಟ್ಟಿಗೆ ಸೇರಿಲ್ಲ. ಶಾಲೆಯ ಗುಣಮಟ್ಟ ಕುಸಿಯಿತು ಅಂತ ಇದರಿಂದ ಹೇಳಲಾಗದು. ಯುದ್ಧದ ನಂತರ, ಅದರಲ್ಲೂ 1957ರಲ್ಲಿ ಸೋವಿಯತ್ ಉಪಗ್ರಹ ಸ್ಪುಟ್ನಿಕ್ ಹಾರಿದ ನಂತರ ಅಮೆರಿಕ ಭೌತಶಾಸ್ತ್ರಕ್ಕೆ ಸುರಿದ ಹಣ, ವಿಶ್ವವಿದ್ಯಾಲಯಗಳಲ್ಲಿ ತೆರೆದ ಹುದ್ದೆಗಳು ಆ ತಲೆಮಾರಿಗೆ ಸಿಕ್ಕಷ್ಟು ಮುಂದಿನವರಿಗೆ ಸಿಗಲಿಲ್ಲ.

ಇನ್ನೊಂದು ಹೋಲಿಕೆ ಇದಕ್ಕಿಂತ ಖಾರವಾದದ್ದು. ಅದೇ ನ್ಯೂಯಾರ್ಕಿನಲ್ಲಿ ಪ್ರವೇಶ ಪರೀಕ್ಷೆಯೇ ಇಲ್ಲದ, ಬಡಾವಣೆಯ ಮಕ್ಕಳೆಲ್ಲ ಓದುವ ಮಾಮೂಲಿ ಸರ್ಕಾರಿ ಹೈಸ್ಕೂಲುಗಳಿದ್ದವು. ಫಾರ್ ರಾಕವೇ ಹೈಸ್ಕೂಲಿನಲ್ಲಿ ಓದಿದವರು ರಿಚರ್ಡ್ ಫೈನ್‌ಮನ್, ಬರ್ಟನ್ ರಿಕ್ಟರ್, ಬರೂಕ್ ಬ್ಲೂಂಬರ್ಗ್. ಬ್ರೂಕ್ಲಿನ್ನಿನ ಅಬ್ರಹಾಂ ಲಿಂಕನ್ ಹೈಸ್ಕೂಲಿನವರು ಆರ್ಥರ್ ಕಾರ್ನ್‌ಬರ್ಗ್, ಜೆರೋಮ್ ಕಾರ್ಲ್, ಪಾಲ್ ಬರ್ಗ್. ಎರಡೂ ಕಡೆ ಮೂರು ಮೂರು ನೊಬೆಲ್. ವಲಸೆ ಬಂದ ಕುಟುಂಬಗಳ ಓದಿನ ಹಸಿವು, ಆರ್ಥಿಕ ಕುಸಿತದ ಕಾಲದಲ್ಲಿ ಬೇರೆ ಕೆಲಸ ಸಿಗದೆ ಹೈಸ್ಕೂಲಿನ ಪಾಠಕ್ಕೆ ಬಂದ ಒಳ್ಳೊಳ್ಳೆ ಪದವೀಧರರು, ಇವೆಲ್ಲ ಇಡೀ ಊರಿಗೇ ಇದ್ದವು. ಬ್ರಾಂಕ್ಸ್ ಸೈನ್ಸ್‌ನ ಲೆಕ್ಕದಿಂದ ಈ ಪಾಲನ್ನು ಕಳೆದ ಮೇಲೆಯೇ ಶಾಲೆಯ ಪಾಲಿನ ಮಾತು.

ಚುಕ್ಕಿಗೆರೆ:

ಹಳೇಕಡತ ಅವರು ಹೇಳಿದ್ದು ಸರಿ. ಅಳೆಯುವ ದಾರಿ ಇದೆಯೇ ಅಂದರೆ, ಇದೆ. ಕಟ್‌ಆಫ್ ಅಂಚಿನಲ್ಲಿ ನಿಂತು ನೋಡಬೇಕು.

ಕಟ್‌ಆಫ್ 500 ಅಂದುಕೊಳ್ಳಿ. 501 ತೆಗೆದ ಮಗುವಿಗೂ 499 ತೆಗೆದ ಮಗುವಿಗೂ ಬುದ್ಧಿಯಲ್ಲಿ ವ್ಯತ್ಯಾಸವಿಲ್ಲ, ಅಂದಿನ ಅದೃಷ್ಟ ಅಷ್ಟೇ. ಒಬ್ಬರಿಗೆ ಸೀಟು ಸಿಕ್ಕಿತು, ಇನ್ನೊಬ್ಬರಿಗೆ ಇಲ್ಲ. ಇಂಥ ಎರಡು ಗುಂಪುಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದರೆ, ಮುಂದೆ ಕಾಣುವ ವ್ಯತ್ಯಾಸ ಶಾಲೆಯದು. ನ್ಯೂಯಾರ್ಕಿನಲ್ಲಿ ಇದಕ್ಕೆ ಹೇಳಿ ಮಾಡಿಸಿದ ವ್ಯವಸ್ಥೆ ಇದೆ: 1971ರ ಹೆಕ್ಟ್-ಕಲಾಂಡ್ರಾ ಕಾಯ್ದೆಯಿಂದಾಗಿ ಬ್ರಾಂಕ್ಸ್ ಸೈನ್ಸ್, ಸ್ಟೈವೆಸೆಂಟ್, ಬ್ರೂಕ್ಲಿನ್ ಟೆಕ್ ಶಾಲೆಗಳಿಗೆ ಪ್ರವೇಶ ಒಂದೇ ಪರೀಕ್ಷೆಯ ಅಂಕದ ಮೇಲೆ. ಅತಿ ಹೆಚ್ಚು ಅಂಕದವರಿಂದ ಶುರು ಮಾಡಿ, ಅವರವರು ಬರೆದುಕೊಟ್ಟ ಆಯ್ಕೆಯ ಕ್ರಮದಲ್ಲಿ ಸೀಟು ಹಂಚುತ್ತಾರೆ.

2014ರಲ್ಲಿ ಎರಡು ಅಧ್ಯಯನಗಳು ಪ್ರಕಟವಾದವು. ಅರ್ಥಶಾಸ್ತ್ರಜ್ಞರಾದ ಅಬ್ದುಲ್ಕದಿರೋಗ್ಲು, ಆಂಗ್ರಿಸ್ಟ್, ಪಾಠಕ್ ಬಾಸ್ಟನ್ ಮತ್ತು ನ್ಯೂಯಾರ್ಕಿನ ಇಂಥ ಶಾಲೆಗಳನ್ನು ನೋಡಿದರು. ಡಾಬಿ ಮತ್ತು ಫ್ರೈಯರ್ ನ್ಯೂಯಾರ್ಕಿನವನ್ನು ನೋಡಿದರು. ಅಂಚಿನ ಮಕ್ಕಳ ಪರೀಕ್ಷೆಯ ಅಂಕದ ಮೇಲಾಗಲಿ, ಕಾಲೇಜು ಸೇರುವುದರ ಮೇಲಾಗಲಿ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. (ಆಂಗ್ರಿಸ್ಟ್‌ಗೆ 2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಈ ಬಗೆಯ ಸಹಜ ಪ್ರಯೋಗಗಳನ್ನು ಓದುವ ವಿಧಾನಕ್ಕೇ. ಹಾಗಾಗಿ ಲೆಕ್ಕ ತಪ್ಪಿರಬಹುದು ಅಂತ ಸುಲಭವಾಗಿ ತಳ್ಳಿಹಾಕಬೇಡಿ.)

ಹಾಗಂತ ಇಂಥ ಶಾಲೆ ದಂಡ ಅಂತ ಓದಿಕೊಂಡರೆ ಅದೂ ತಪ್ಪು. ಸ್ಟೈವೆಸೆಂಟ್ ತಪ್ಪಿದ ಮಗು ಹೋಗುವುದು ಬ್ರಾಂಕ್ಸ್ ಸೈನ್ಸ್‌ಗೆ. ಅದೂ ತಪ್ಪಿದರೆ ಬ್ರೂಕ್ಲಿನ್ ಟೆಕ್‌ಗೆ. ಅಂದರೆ ಇಲ್ಲಿ ಅಳತೆಯಾದದ್ದು ಒಳ್ಳೆ ಶಾಲೆಗೂ ಇನ್ನೊಂದು ಒಳ್ಳೆ ಶಾಲೆಗೂ ನಡುವಿನ ಅಂತರ. ಹತ್ತಿರದಲ್ಲಿ ಬೇರೆ ಲ್ಯಾಬೇ ಇಲ್ಲದ ಜಾಗದಲ್ಲಿ ಇದೇ ಉತ್ತರ ಬರಬೇಕೆಂದಿಲ್ಲ. ಎರಡನೆಯದಾಗಿ, ಅಂಚಿನ ಹೋಲಿಕೆ ಅಂಚಿನವರ ಬಗ್ಗೆಯಷ್ಟೇ ಮಾತಾಡುತ್ತದೆ. ಕಟ್‌ಆಫ್‌ಗಿಂತ ನೂರು ಅಂಕ ಮೇಲಿರುವ ಮಗುವಿನ ಬಗ್ಗೆ ಬಾಯಿ ಬಿಡುವುದಿಲ್ಲ. ಕೊನೆಯದಾಗಿ, ಅವರು ನೋಡಿದ್ದು ಅಂಕ ಮತ್ತು ಕಾಲೇಜು. ಚುರುಕು ಮಕ್ಕಳಲ್ಲಿ ಅಂಕ ಮೊದಲೇ ತಾರಸಿ ಮುಟ್ಟಿರುತ್ತದೆ, ಮೇಲೇರಲು ಜಾಗ ಇರುವುದಿಲ್ಲ. ಹದಿನೈದು ವರ್ಷದ ನಂತರ ಸಂಶೋಧನೆಯಲ್ಲಿ ಉಳಿದವರೆಷ್ಟು ಅನ್ನುವುದು ಬೇರೆಯೇ ಪ್ರಶ್ನೆ.

ಕಣ_ಕುತೂಹಲಿ:

ಚುಕ್ಕಿಗೆರೆ ಅವರೇ, ಆ ಬೇರೆ ಪ್ರಶ್ನೆಯನ್ನೇ ಅಳೆಯಬಹುದಲ್ಲ? ವಿಜ್ಞಾನದಲ್ಲಿ ಪಿಎಚ್‌ಡಿ ಮುಗಿಸಿದವರ ಪ್ರಮಾಣ, ಉದಾಹರಣೆಗೆ. ಎಷ್ಟು ಮಕ್ಕಳ ದಾಖಲೆ ಬೇಕಾದೀತು?

ಚುಕ್ಕಿಗೆರೆ:

ಲೆಕ್ಕ ಹಾಕಿಯೇ ನೋಡೋಣ. ಅಂಚಿನ ಕೆಳಗಿನವರಲ್ಲಿ ಶೇ 6, ಮೇಲಿನವರಲ್ಲಿ ಶೇ 8 ಮಂದಿ ಪಿಎಚ್‌ಡಿ ಮಾಡುತ್ತಾರೆ ಅಂದುಕೊಳ್ಳಿ (ಊಹೆಯ ಅಂಕಿ). ಈ 2 ಅಂಶದ ವ್ಯತ್ಯಾಸ ನಿಜವಾಗಿ ಇದ್ದರೆ ಅದನ್ನು 80% ಖಾತ್ರಿಯಿಂದ ಹಿಡಿಯಲು, ಮಾಮೂಲಿ 5% ಮಿತಿಯಲ್ಲಿ (ಇಲ್ಲದ ವ್ಯತ್ಯಾಸವನ್ನು ಇದೆ ಅಂತ ತಪ್ಪಾಗಿ ಹೇಳುವ ಸಾಧ್ಯತೆ), ಪ್ರತಿ ಗುಂಪಿಗೆ ಬೇಕಾದ ಸಂಖ್ಯೆ (7.84 ಅನ್ನುವುದು ಈ 80% ಮತ್ತು 5%ರಿಂದ ಬರುವ ಸ್ಥಿರಾಂಕ):

7.84 × (0.06×0.94 + 0.08×0.92) ÷ (0.02)² ≈ 2,550.

ವರ್ಷಕ್ಕೆ ಅಂಚಿನ ಆಚೀಚೆ ನೂರು ನೂರು ಮಕ್ಕಳು ಸಿಕ್ಕರೆ 25–26 ಬ್ಯಾಚ್ ಬೇಕು. ಅದರ ಮೇಲೆ ಕೊನೆಯ ಬ್ಯಾಚಿನವರು ಪಿಎಚ್‌ಡಿ ಮುಗಿಸುವವರೆಗೆ ಇನ್ನೊಂದು 12–15 ವರ್ಷ. ಒಂದೇ ಶಾಲೆ ಈ ಪ್ರಶ್ನೆಗೆ ತಾನೊಂದೇ ಉತ್ತರ ಹುಡುಕಲು ಹೋದರೆ ಕಟ್ಟಿಸಿದ ಮಂತ್ರಿಯ ಮೊಮ್ಮಕ್ಕಳು ಅದನ್ನು ಓದುತ್ತಾರೆ. ಹಲವು ಶಾಲೆಗಳು ಒಂದೇ ನಮೂನೆಯಲ್ಲಿ ದಾಖಲೆ ಇಟ್ಟು ಕೂಡಿಸಬೇಕು.

ಇನ್ನೊಂದು ಕಡೆ ಎಲ್ಲರೂ ಜಾರುತ್ತಾರೆ. ಸೀಟು ಸಿಕ್ಕಿದವರೆಲ್ಲ ಸೇರುವುದಿಲ್ಲ. ಸೇರಿದವರನ್ನು ಸೇರದವರೊಂದಿಗೆ ಹೋಲಿಸಿದರೆ ಆಸಕ್ತಿ ಇದ್ದವರನ್ನು ಇಲ್ಲದವರೊಂದಿಗೆ ಹೋಲಿಸಿದಂತಾಗುತ್ತದೆ. ಹೋಲಿಕೆ ಸೀಟು ಸಿಕ್ಕವರು ಮತ್ತು ಸಿಗದವರ ನಡುವೆಯೇ ನಡೆಯಬೇಕು. ಆಮೇಲೆ ಆ ವ್ಯತ್ಯಾಸವನ್ನು, ಕಟ್‌ಆಫ್ ದಾಟಿದಾಗ ಶಾಲೆಗೆ ಸೇರಿದವರ ಪ್ರಮಾಣ ಎಷ್ಟು ಜಿಗಿಯಿತೋ ಅದರಿಂದ ಭಾಗಿಸಬೇಕು. ಮೇಲಿನವರಲ್ಲಿ ಅರ್ಧ ಮಂದಿಯಷ್ಟೇ ಸೇರಿದ್ದರೆ, 2 ಅಂಶದ ವ್ಯತ್ಯಾಸ ಅಂದರೆ ಸೇರಿದವರ ಪಾಲಿಗೆ 4 ಅಂಶ.

ಚಳಿಗಾಲದ_ಗಣಿತ:

ಅಮೆರಿಕದಾಚೆಯ ಒಂದು ಮಾದರಿ ಸೇರಿಸುತ್ತೇನೆ. 1963ರಲ್ಲಿ ಸೋವಿಯತ್ ಸರ್ಕಾರ ಮಾಸ್ಕೋ, ಲೆನಿನ್‌ಗ್ರಾದ್, ಕೀವ್, ನೊವೊಸಿಬಿರ್ಸ್ಕ್ ನಗರಗಳಲ್ಲಿ ಭೌತಶಾಸ್ತ್ರ-ಗಣಿತದ ವಸತಿ ಶಾಲೆ ತೆರೆಯಿತು. ನಾಲ್ಕೂ ವಿಶ್ವವಿದ್ಯಾಲಯಕ್ಕೆ ಅಂಟಿಕೊಂಡವು. ಮಾಸ್ಕೋದ 18ನೇ ನಂಬರಿನ ಶಾಲೆಯಲ್ಲಿ ಹೆಸರಾಂತ ಗಣಿತಜ್ಞ ಕೊಲ್ಮೊಗೊರೊವ್ ಸ್ವತಃ ಪಾಠ ಮಾಡುತ್ತಿದ್ದರು. ನೊವೊಸಿಬಿರ್ಸ್ಕ್‌ನವರು ಒಂದು ವರ್ಷ ಮೊದಲೇ ಸೈಬೀರಿಯಾದ ಒಲಿಂಪಿಯಾಡ್ ನಡೆಸಿ, ಮೊದಲ ಸುತ್ತಿನ ಲೆಕ್ಕಗಳನ್ನು ಪತ್ರಿಕೆಗಳಲ್ಲಿ ಅಚ್ಚು ಹಾಕಿಸಿ, ಉತ್ತರವನ್ನು ಅಂಚೆಯಲ್ಲಿ ತರಿಸಿಕೊಂಡು, ಗೆದ್ದವರನ್ನು ಬೇಸಿಗೆ ಶಿಬಿರಕ್ಕೆ ಕರೆದು ಆಮೇಲೆ ಆರಿಸಿದರು. ಕೋಚಿಂಗ್ ಕೊಡಿಸುವವರಿಲ್ಲದ ದೂರದೂರಿನ ಮಗುವಿಗೂ ದಾರಿ ಇತ್ತು. ಕೆಲವು ವಾರ ಎದುರಿಗಿಟ್ಟುಕೊಂಡು ಕಲಿಸಿ ನೋಡುವುದು ಮೂರು ಗಂಟೆಯ ಪರೀಕ್ಷೆಗಿಂತ ಎಷ್ಟೋ ಮೇಲು.

ಮಾಸ್ಕೋ ಶಾಲೆಯ ಮೊದಲ ಬ್ಯಾಚಿನ ಯೂರಿ ಮಾಟಿಯಾಸೆವಿಚ್ 1970ರಲ್ಲಿ, 22ರ ವಯಸ್ಸಿಗೆ, ಹಿಲ್ಬರ್ಟನ ಹತ್ತನೇ ಸಮಸ್ಯೆಯ (ಯಾವ ಸಮೀಕರಣಕ್ಕೆ ಪೂರ್ಣಾಂಕದ ಉತ್ತರ ಇದೆ ಅಂತ ಹೇಳುವ ಒಂದೇ ವಿಧಾನ ಇದೆಯೇ ಅನ್ನುವ ಪ್ರಶ್ನೆ) ಕೊನೆಯ ಕೊಂಡಿ ಜೋಡಿಸಿದರು. ಆದರೆ ಅವರು ಅದಕ್ಕೂ ಮೊದಲು ಲೆನಿನ್‌ಗ್ರಾದಿನ 239ನೇ ಶಾಲೆಯಲ್ಲಿದ್ದವರು. ಯಾವ ಶಾಲೆಯ ಖಾತೆಗೆ ಬರೆಯುತ್ತೀರಿ?

ದೀರ್ಘಕಾಲದ ಪರಿಣಾಮದಲ್ಲಿ ವಸತಿ ಶಾಲೆಯಷ್ಟೇ ತೂಕದ್ದು, ಅದಕ್ಕಿಂತ ಬಹಳ ಅಗ್ಗದ್ದು ಇನ್ನೊಂದಿತ್ತು: 1964ರಲ್ಲಿ ಗಣಿತಜ್ಞ ಗೆಲ್ಫಾಂಡ್ ಕಟ್ಟಿದ ಅಂಚೆ ಗಣಿತ ಶಾಲೆ. ಲೆಕ್ಕದ ಹಾಳೆ ಅಂಚೆಯಲ್ಲಿ ಹೋಗುತ್ತದೆ, ಉತ್ತರ ಬರುತ್ತದೆ, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಿದ್ದಿ, ಟಿಪ್ಪಣಿ ಬರೆದು ಹಿಂತಿರುಗಿಸುತ್ತಾರೆ. ಒಬ್ಬ ಮೇಷ್ಟ್ರು ತನ್ನ ಶಾಲೆಯ ಗುಂಪನ್ನೇ 'ಒಬ್ಬ ವಿದ್ಯಾರ್ಥಿ' ಅಂತ ಸೇರಿಸಬಹುದಿತ್ತು. ಅದರಿಂದ ಆ ಮೇಷ್ಟ್ರೂ ಕಲಿತರು.

ಇನ್ನು 1991ರ ನಂತರ ಈ ಶಾಲೆಗಳಿಂದ ಬಂದವರಲ್ಲಿ ಬಹಳ ಮಂದಿ ದೇಶ ಬಿಟ್ಟರು. ಪರಿಣಾಮ ವಿಜ್ಞಾನಕ್ಕೆ ಸಿಕ್ಕಿತು, ಖರ್ಚು ಮಾಡಿದ ಖಜಾನೆಗಲ್ಲ. ಯಾರಿಗೆ ಆದ ಲಾಭವನ್ನು ಎಣಿಸುತ್ತಿದ್ದೇವೆ ಅನ್ನುವುದನ್ನು ಮೊದಲೇ ಬರೆದಿಡಬೇಕು.

ಲ್ಯಾಬ್‌ಬೆಂಚು:

ಎಡವುವ ಜಾಗಗಳ ಬಗ್ಗೆ.

ಆಯ್ಕೆ: ಗುರುತು ಹಾಕುವ ಮಾದರಿಯ ಒಂದೇ ಪರೀಕ್ಷೆ ಭಾಷೆ ಮತ್ತು ಲೆಕ್ಕವನ್ನು ಹಿಡಿಯುತ್ತದೆ. ಆಕಾರ, ಯಂತ್ರ, ಮೂರು ಆಯಾಮಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಶಕ್ತಿಯನ್ನು ಹಿಡಿಯುವುದಿಲ್ಲ. 1921ರಲ್ಲಿ ಮನಶ್ಶಾಸ್ತ್ರಜ್ಞ ಟರ್ಮನ್ ಕ್ಯಾಲಿಫೋರ್ನಿಯಾದಲ್ಲಿ ಐಕ್ಯೂ ಪರೀಕ್ಷೆಯಿಂದ ಸುಮಾರು 1,500 ಪ್ರತಿಭಾವಂತ ಮಕ್ಕಳನ್ನು ಆರಿಸಿದರು. ಆ ಜರಡಿಯಲ್ಲಿ ಸೋರಿಹೋದವರಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್ ಇದ್ದರು. ಇಬ್ಬರಿಗೂ ಮುಂದೆ ಭೌತಶಾಸ್ತ್ರದ ನೊಬೆಲ್ ಬಂತು. ಆಯ್ಕೆಯಾದವರಲ್ಲಿ ಒಬ್ಬರಿಗೂ ಬರಲಿಲ್ಲ. ಜೊತೆಗೆ, ಒಂದೇ ಪರೀಕ್ಷೆ ಇದ್ದಲ್ಲಿ ಕೋಚಿಂಗ್ ಬೆಳೆದೇ ಬೆಳೆಯುತ್ತದೆ. 2023ರಲ್ಲಿ ಸ್ಟೈವೆಸೆಂಟ್ ಕೊಟ್ಟ 762 ಸೀಟುಗಳಲ್ಲಿ ಕಪ್ಪು ವರ್ಣೀಯ ಮಕ್ಕಳಿಗೆ ಸಿಕ್ಕಿದ್ದು 7. ಉತ್ತರ ಕೆರೊಲಿನಾದಲ್ಲಿ 1980ರಲ್ಲಿ ತೆರೆದ ಸರ್ಕಾರಿ ವಸತಿ ವಿಜ್ಞಾನ ಶಾಲೆ ರಾಜ್ಯದ ಚುನಾವಣಾ ಕ್ಷೇತ್ರಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ಸೀಟು ಹಂಚುತ್ತದೆ. ಅಂಕವೇ ದೇವರು ಅನ್ನುವವರಿಗೆ ಇದು ಹಿಡಿಸದು, ನನಗೆ ಸರಿ ಅನ್ನಿಸುತ್ತದೆ.

ಒಳಗೆ ಬಂದ ಮೇಲೆ: ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಇಲ್ಲಿ ತಿರುಗಾಮುರುಗಾ. ಊರೆಲ್ಲ ಗೌಡರೇ. ಹಳೆ ಶಾಲೆಯಲ್ಲಿ ಮೊದಲನೆಯವಳಾಗಿದ್ದ ಹುಡುಗಿ ಇಲ್ಲಿ 180ನೆಯವಳು. ಕಲಿತದ್ದು ಜಾಸ್ತಿಯಾಗಿದ್ದರೂ ನಾನು ಗಣಿತದವಳಲ್ಲ ಅಂತ ತೀರ್ಮಾನಿಸಿಬಿಡುತ್ತಾಳೆ. ಮಾರ್ಷ್ ಮತ್ತು ಪಾರ್ಕರ್ 1984ರಲ್ಲೇ ಇದನ್ನು ತೋರಿಸಿದ್ದಾರೆ. ಮದ್ದು ಸರಳ: ತರಗತಿಯೊಳಗೆ ರ್ಯಾಂಕ್ ಹಾಕಬೇಡಿ. ಕಲಿಯಬೇಕಾದ್ದನ್ನು ಮೊದಲೇ ಬರೆದಿಟ್ಟು, ಅದನ್ನು ಮುಟ್ಟಿದವರಿಗೆಲ್ಲ ಪೂರ್ಣ ಅಂಕ ಕೊಡಿ.

ಸಂಶೋಧನಾ ಪ್ರಾಜೆಕ್ಟ್: ಇಂಥ ಶಾಲೆಗಳು ಅತಿ ಹೆಮ್ಮೆಪಡುವುದೂ ಅತಿ ಕೆಡಿಸುವುದೂ ಇದನ್ನೇ. ಸ್ಪರ್ಧೆಯ ಕೊನೆಯ ದಿನಾಂಕದಿಂದ ಹಿಂದಕ್ಕೆ ಎಣಿಸಿ ಐದು ತಿಂಗಳಲ್ಲಿ ಮುಗಿಸಲು ಹೊರಟರೆ, ಮಗು ಯಾವುದೋ ಲ್ಯಾಬಿನ ಮಿಕ್ಕ ಡೇಟಾಗೆ ಗ್ರಾಫ್ ಎಳೆದು ಬರುತ್ತದೆ. ಮೊದಲ ಅರ್ಧ ವರ್ಷ ಹಳೆಯ ಪ್ರಯೋಗವೊಂದನ್ನು ಮತ್ತೆ ಮಾಡಿ, ದೋಷದ ಲೆಕ್ಕ ಹಾಕುವುದನ್ನೇ ಕಲಿಯಬೇಕು. ಕೆಟ್ಟ ಫಲಿತಾಂಶ ಬಂದ ಪ್ರಾಜೆಕ್ಟಿಗೂ ಪೂರ್ಣ ಅಂಕ ಸಿಗುವ ನಿಯಮ ಇರದಿದ್ದರೆ ಮಕ್ಕಳು ಡೇಟಾ 'ಸರಿಮಾಡಲು' ಕಲಿಯುತ್ತಾರೆ.

ಹೊರಗೆ ಹೋಗುವಾಗ: ಕೊರಿಯಾದ ವಿಜ್ಞಾನ ಪ್ರತಿಭಾ ಶಾಲೆಗಳಿಂದ ಮಕ್ಕಳು ವೈದ್ಯಕೀಯಕ್ಕೆ ಹೋಗುವುದು ಹೆಚ್ಚಿ, ಹಾಗೆ ಹೋದವರಿಂದ ಶಿಕ್ಷಣದ ಖರ್ಚು, ವಿದ್ಯಾರ್ಥಿವೇತನ ವಾಪಸು ಪಡೆಯುವ ನಿಯಮ ತರಬೇಕಾಯಿತು. ವೈದ್ಯರ ಸಂಪಾದನೆಗೂ ಸಂಶೋಧಕರ ಸಂಬಳಕ್ಕೂ ಇರುವ ಅಂತರವನ್ನು ದಂಡ ಹಾಕಿ ಮುಚ್ಚಲಾಗದು.

ಚುಕ್ಕಿಗೆರೆ:

ಲ್ಯಾಬ್‌ಬೆಂಚು ಅವರ ಕೊನೆಯ ಮಾತಿಗೆ ಒಂದು ತಕರಾರು: ವೈದ್ಯಕೀಯಕ್ಕೆ ಹೋದವರನ್ನೆಲ್ಲ ನಷ್ಟಕ್ಕೆ ಬರೆಯಬೇಡಿ. ಲೆಫ್ಕೊವಿಟ್ಜ್ ಓದಿದ್ದು ವೈದ್ಯಕೀಯ, ನೊಬೆಲ್ ಬಂದದ್ದು ರಸಾಯನಶಾಸ್ತ್ರಕ್ಕೆ.

ಕಣ_ಕುತೂಹಲಿ ಅವರಿಗೆ, ಹೊಸ ಶಾಲೆಯೊಂದು ಮೊದಲ ದಿನದಿಂದ ಏನು ಎತ್ತಿಡಬೇಕು ಅಂದರೆ: ಅರ್ಜಿ ಹಾಕಿದ ಎಲ್ಲರ ಕಚ್ಚಾ ಅಂಕ (ದುಂಡು ಮಾಡಿದ್ದಲ್ಲ), ಪ್ರತಿಯೊಬ್ಬರಿಗೂ ಬದಲಾಗದ ಒಂದು ಸಂಖ್ಯೆ, ಮುಂದೆ ಪದವಿಯ ದಾಖಲೆ ನೋಡಲು ಪೋಷಕರ ಲಿಖಿತ ಒಪ್ಪಿಗೆ. ಒಪ್ಪಿಗೆಯನ್ನು ಅರ್ಜಿಯ ಜೊತೆಗೇ ಪಡೆಯಬೇಕು. ಸೀಟು ಸಿಗದ ಮೇಲೆ ಯಾರೂ ಸಹಿ ಹಾಕುವುದಿಲ್ಲ. ಹಳೆ ವಿದ್ಯಾರ್ಥಿಗಳಿಗೆ ಫಾರಂ ಕಳಿಸಿ ಮಾಡುವ ಸಮೀಕ್ಷೆಯನ್ನು ನೆಚ್ಚಬೇಡಿ. ಚೆನ್ನಾಗಿರುವವರು ತುಂಬಿ ಕಳಿಸುತ್ತಾರೆ, ಉಳಿದವರು ಸುಮ್ಮನಿರುತ್ತಾರೆ. ಪದವಿ ದಾಖಲೆ, ಪ್ರಬಂಧಗಳ ಸೂಚಿ, ಪೇಟೆಂಟ್ ಪಟ್ಟಿಯಂಥ, ಯಾರಿಂದಲೂ ಫಾರಂ ತುಂಬಿಸಿಕೊಳ್ಳದೆ ಸಿಗುವ ಮೂಲಗಳೇ ಗಟ್ಟಿ. ಅಂಕಪಟ್ಟಿಯಲ್ಲಿ ಕಟ್‌ಆಫ್‌ನ ಸ್ವಲ್ಪ ಮೇಲೆ ಇದ್ದಕ್ಕಿದ್ದಂತೆ ಹೆಚ್ಚು ಮಕ್ಕಳು ಗುಂಪುಗಟ್ಟಿದ್ದರೆ ಯಾರೋ ಅಂಕ ಏರಿಸಿದ್ದಾರೆ ಅಂತ ಅರ್ಥ, ಆ ವರ್ಷವನ್ನು ಹೋಲಿಕೆಯಿಂದ ಬಿಡಿ. ಸೀಟು ಸಿಗದವರ ಪಟ್ಟಿಯನ್ನು ಪ್ರವೇಶ ಮುಗಿದ ಮೇಲೆ ರದ್ದಿಗೆ ಹಾಕುವ ಅಭ್ಯಾಸ ಇರುತ್ತದೆ. ಇಡೀ ಕಡತದಲ್ಲಿ ಬೆಲೆ ಬಾಳುವುದು ಅದೇ ಪಟ್ಟಿ.