ಅಪ್‌ಡೇಟ್: ಗಿರಿರಾಜ ಮರಿಗಳು ಹಿತ್ತಲಿಗೆ ಇಳಿದವು

ಹೆಬ್ಬಾಳದಿಂದ ತಂದ, ತಾಯಿಕೋಳಿ ಇಲ್ಲದ ಗಿರಿರಾಜ ತಳಿಯ ಕೋಳಿಮರಿಗಳನ್ನ ಗೂಡಲ್ಲೇ ಬೆಳೆಸೋದಾ, ಹಿತ್ತಲಿಗೆ ಬಿಡೋದಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ಮೊದಲು ಬಲ್ಬಿನಿಂದ ಬೆಚ್ಚಗಿಡೋ ಗೂಡು, ಅಂದ್ರೆ ಬ್ರೂಡರ್‌ನಲ್ಲೇ ಇಟ್ಟೆ. ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಹತ್ತಿರ, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಬಂದೆ. ಥರ್ಮಾಮೀಟರ್‌ಗಿಂತ ಮರಿಗಳೇ ಚೆನ್ನಾಗಿ ಹೇಳ್ತವೆ: ಬಲ್ಬಿನ ಕೆಳಗೆ ಒತ್ತಿಕೊಂಡು ಚಿಂವ್‌ಗುಟ್ಟಿದರೆ ಚಳಿ, ಬಾಯಿ ತೆರೆದು ಮೂಲೆ ಸೇರಿದರೆ ಸೆಕೆ. ಕೋಳಿಗಳಿಗೆ ಬರೋ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನೂ ಮೊದಲ ವಾರದಲ್ಲೇ ಹಾಕಿಸಿದೆ.

ಗರಿ ತುಂಬಿದ ಮೇಲೆ, ಬಿಸಿಲೇರಿದ ಹೊತ್ತಲ್ಲಿ ಬಲೆ ಹೊದಿಸಿದ ಜಾಗಕ್ಕೆ ಬಿಟ್ಟೆ. ಗೂಡಲ್ಲಿ ಒಂದರ ಪುಕ್ಕ ಇನ್ನೊಂದು ಕುಕ್ಕುತ್ತಿತ್ತು. ಈಗ ತರಗೆಲೆ ಕೆದಕಿ ಗೆದ್ದಲು ಹುಡುಕ್ತವೆ, ಮಣ್ಣಲ್ಲಿ ಹೊರಳ್ತವೆ. ಆ ಕುಕ್ಕಾಟ ನಿಂತೇ ಹೋಗಿದೆ. ನೋಡೋಕೇ ಖುಷಿ! ಹದ್ದು ಸುತ್ತುತ್ತಲೇ ಇರುತ್ತೆ, ಹಾಗಾಗಿ ಬಲೆ ಮಾತ್ರ ತೆಗೆಯಲ್ಲ. ರಾತ್ರಿ ಎಲ್ಲವೂ ಗೂಡಿಗೆ.