ದಡಾರದ ಲಸಿಕೆ ಇಷ್ಟು ಹಳೆಯದು, ಈಗಲೂ ಕೆಲಸ ಮಾಡುತ್ತದಾ?

ಪ್ರಶ್ನೆ (ಕಿನ್ನಿಮೂಲ್ಕಿ, ಉಡುಪಿ): ನಮಸ್ಕಾರ ಡಾಕ್ಟ್ರೇ. ಮಗಳಿಗೆ ಒಂಬತ್ತು ತಿಂಗಳು ತುಂಬಿತು. ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ಹಾಕಿಸಿ ಎಂದಿದ್ದಾರೆ. ಫ್ಲೂ ಲಸಿಕೆ ವರ್ಷ ವರ್ಷ ಬದಲಾಗುತ್ತದೆ ಅಲ್ವಾ? ದಡಾರದ್ದು ಮಾತ್ರ ಯಾಕೆ ಹಳೆಯದೇ? ದಡಾರ ಒಮ್ಮೆ ಬಂದು ಹೋದರೆ ಮಗು ಗಟ್ಟಿಯಾಗುತ್ತದೆ ಎಂದು ಅತ್ತೆ ಹೇಳುತ್ತಾರೆ.

ಉತ್ತರ (ಮಕ್ಕಳ ಡಾಕ್ಟರ್, ಮಂಗಳೂರು): ಧೈರ್ಯವಾಗಿ ಹಾಕಿಸಿ ಅಮ್ಮ. ಈ ವೈರಸ್ ತೀರಾ ಚಿಕ್ಕದು. ಒಳಗೆ ಒಂದೇ ಎಳೆಯ ಆರ್‌ಎನ್‌ಎ, ಅದರಲ್ಲಿ ಬರೀ 6 ಜೀನ್. ಹೊರಗಿನ ಕೊಬ್ಬಿನ ಪೊರೆಯ ಮೇಲೆ ಎಚ್, ಎಫ್ ಎಂಬ ಎರಡು ಪ್ರೋಟೀನ್. ಎಚ್ ನಮ್ಮ ಜೀವಕೋಶವನ್ನು ಹಿಡಿಯುತ್ತದೆ. ಎಫ್ ಎರಡೂ ಪೊರೆಗಳನ್ನು ಬೆಸೆದು ಒಳಗೆ ದಾರಿ ಮಾಡುತ್ತದೆ.

ಲಸಿಕೆಯಿಂದ ಹುಟ್ಟುವ ಪ್ರತಿಕಾಯಗಳು (ವೈರಸ್ಸನ್ನು ತಡೆಯಲು ದೇಹ ಮಾಡುವ ಪ್ರೋಟೀನ್‌ಗಳು) ಮುಖ್ಯವಾಗಿ ಎಚ್ ಮೇಲೆ ಕೂರುತ್ತವೆ. ಅದು ಕೋಶವನ್ನು ಹಿಡಿಯುವ ಜಾಗವನ್ನೇ ಮುಚ್ಚುತ್ತವೆ. ಆ ಜಾಗ ಬದಲಾದರೆ ವೈರಸ್‌ಗೆ ಕೋಶವೇ ಸಿಗುವುದಿಲ್ಲ. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಅದಕ್ಕೇ 1954ರಲ್ಲಿ ಎಂಡರ್ಸ್ ಮತ್ತು ಪೀಬಲ್ಸ್ ಎಂಬ ವಿಜ್ಞಾನಿಗಳು ಅಮೆರಿಕದ ಒಬ್ಬ ಹುಡುಗನಿಂದ ಬೇರ್ಪಡಿಸಿದ ವೈರಸ್ಸಿನ ಬಲ ಕುಗ್ಗಿಸಿದ ಸಂತತಿ ಇವತ್ತಿಗೂ ಲಸಿಕೆಯಾಗಿ ಸಾಕಾಗುತ್ತದೆ.

ಅತ್ತೆಯವರ ಮಾತನ್ನು ಮಾತ್ರ ಒಪ್ಪಲಾರೆ. ಎಚ್ ಮೊದಲು ಹುಡುಕುವುದು ರೋಗದ ವಿರುದ್ಧ ಹೋರಾಡುವ ಕೋಶಗಳನ್ನೇ. ಹಳೆಯ ರೋಗಗಳ ನೆನಪು ಇಟ್ಟುಕೊಂಡ ಕೋಶಗಳೂ ಅದರಲ್ಲಿ ಸಾಯುತ್ತವೆ. 2019ರ ಒಂದು ಅಧ್ಯಯನದಲ್ಲಿ, ದಡಾರ ಬಂದ ಮಕ್ಕಳು ಬೇರೆ ರೋಗಗಳ ವಿರುದ್ಧ ಇದ್ದ ಪ್ರತಿಕಾಯಗಳಲ್ಲಿ ಶೇ. 11ರಿಂದ 73ರವರೆಗೆ ಕಳೆದುಕೊಂಡಿದ್ದರು. ದದ್ದು ಮಾಯವಾದ ಮೇಲೂ ನ್ಯುಮೋನಿಯಾ, ಭೇದಿ ಕಾಡುವುದು ಇದರಿಂದಲೇ. ಮಗು ಗಟ್ಟಿಯಾಗುವುದಿಲ್ಲ, ಸೋಲುತ್ತದೆ. ಲಸಿಕೆಯಿಂದ ಈ ನಷ್ಟ ಇಲ್ಲ. ಅತ್ತೆಯವರಿಗೆ ಇದನ್ನು ಸಮಾಧಾನದಿಂದ ಹೇಳಿ.

ಇನ್ನೊಬ್ಬರ ಪ್ರಶ್ನೆ (ಸುರತ್ಕಲ್): ಪಕ್ಕದ ಮನೆ ಮಗುವಿಗೆ ದಡಾರ ಬಂದಿದೆ ಸರ್. ಮುಟ್ಟದೆ ದೂರ ಇದ್ದರೆ ಸಾಕಲ್ವಾ?

ಉತ್ತರ: ಸಾಕಾಗುವುದಿಲ್ಲ. ಕೊನೆಗೆ ವೈರಸ್ ಶ್ವಾಸನಾಳದ ಪದರಕ್ಕೆ ಒಳಗಡೆಯಿಂದ ನುಗ್ಗಿ, ಕೆಮ್ಮಿನ ಜೊತೆ ಹೊರಬರುತ್ತದೆ. ಮಗು ಕೋಣೆಯಿಂದ ಹೋದ ಮೇಲೂ 2 ಗಂಟೆಯವರೆಗೆ ಗಾಳಿಯಲ್ಲಿ ಉಳಿಯಬಹುದು. ದದ್ದು ಏಳುವುದಕ್ಕೆ 4 ದಿನ ಮೊದಲೇ ಹರಡಲು ಶುರು. ನಿಮ್ಮ ಮಗು ಆ ಮಗುವಿನ ಹತ್ತಿರ ಹೋಗಿದ್ದು, ಇನ್ನೂ ಲಸಿಕೆ ಆಗಿಲ್ಲದಿದ್ದರೆ ಸುಮ್ನೆ ಕಾಯಬೇಡಿ. ಹತ್ತಿರ ಹೋದ 72 ಗಂಟೆಯೊಳಗೆ ಹಾಕಿಸಿದರೆ ರೋಗ ತಪ್ಪಬಹುದು. ಇವತ್ತೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ವಿಷಯ ಹೇಳಿಯೇ ಹೋಗಿ.